ಚಿಪ್ಪು ತೊರೆದ ಪುಟ್ಟ ಅತಿಥಿ



ಪ್ರಾಣಿ ಸಾಕಣೆಯೆಂದೊಡನೆ ನಮ್ಮ ಮನೆತನಗಳಲ್ಲಿ ನೆನಪಿಗೆ ಬರುವವು ಆಕಳು, ಎಮ್ಮೆ, ಎತ್ತು. ಹೆಚ್ಚೆಂದರೆ ಬಾಗಿಲು ಕಾಯುವ ನಾಯಿ. ಏಡಿಯೊಂದು ನಮ್ಮಂಥ ಮನೆಯನ್ನು ಪ್ರವೇಶಿಸೀತೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆದರೆ ಕಳೆದ ವರ್ಷದ ಬೇಸಿಗೆಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ತಂಗಿದ್ದಾಗ ಅಂಥ ಒಂದು ಜೀವಿಯ ಶುಶ್ರೂಷೆ ನನ್ನ ಪಾಲಿಗೆ ಬಂದಿತು. ನಮ್ಮಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು ಹೊರದೇಶಗಳಲ್ಲಿ ನೆಲೆಸಿರುವುದರಿಂದ, ಈ ಅನುಭವ ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತಿದ್ದೇನೆ.

ಒಂಬತ್ತು ವರ್ಷದ ಮೊಮ್ಮಗಳು ತಂದೆಯೊಡನೆ ಕಡಲತೀರಕ್ಕೆ ಹೋದವಳು ಮರಳುವಾಗ ಎರಡು ಸನ್ಯಾಸಿ ಏಡಿಗಳನ್ನು ತಂದಳು. ಅಲ್ಲಿಯ ಕಡಲತೀರದ ಅಂಗಡಿಗಳಲ್ಲಿ ಇವನ್ನು ಆಟಿಕೆಗಳ ಜೊತೆಯಲ್ಲಿಯೇ ಮಾರುತ್ತಾರೆ. ಚಿಪ್ಪಿಗೆ ಕೆಂಪು ನೀಲಿ ಬಣ್ಣ ಬಳಿದು, ಅದರ ಮೇಲೆ ನಗುಮುಖ ಬರೆದಿದ್ದರು. ಒಂದು ತಂತಿಯ ಪಂಜರ, ಒಂದು ಹಿಡಿ ಬಣ್ಣದ ಹರಳು, ಒಂದು ತುಂಡು ಸ್ಪಂಜು. ಆಗಾಗ ನೀರು ಚಿಮುಕಿಸಿದರೆ ಸಾಕೆಂಬ ಉಪದೇಶ. ಇಷ್ಟೇ ಅವುಗಳ ಸಂಸಾರ.

ಇಲ್ಲಿ ನನ್ನ ತಪ್ಪೊಂದನ್ನು ಮರೆಮಾಚದೆ ಹೇಳಬೇಕು. ಹವಾನಿಯಂತ್ರಣದ ಚಳಿಯಲ್ಲಿ ಆ ಜೀವಿಗಳು ನಡುಗುತ್ತಿರಬಹುದೆಂದು ಭಾವಿಸಿ, ಪಂಜರವನ್ನು ದಿನವೂ ಬಿಸಿಲು ಬೀಳುವ ಕಿಟಕಿಯ ಬಳಿ ಇಡುತ್ತಿದ್ದವಳು ನಾನೇ. ಐದನೆಯ ದಿನ ಒಂದು ಏಡಿ ಸತ್ತಿತು. ಒಂಬತ್ತನೆಯ ದಿನ ಮುಂಜಾನೆ ಮೊಮ್ಮಗಳ ಕೂಗು ಕೇಳಿಸಿತು: "ಅಜ್ಜೀ, ಏಡಿ ಮನೀ ಬಿಟ್ಟು ಹೊರಗ ಬಂದೈತಿ!"

ಹೋಗಿ ನೋಡಿದರೆ ಬಣ್ಣದ ಚಿಪ್ಪು ಒಂದೆಡೆ ಬಿದ್ದಿತ್ತು. ಅದರ ಒಡೆಯ ಪಂಜರದ ಮೂಲೆಯಲ್ಲಿ ಮುದುಡಿ ಕುಳಿತಿತ್ತು. ಮುಂಭಾಗವೆಲ್ಲ ಗಟ್ಟಿಯಾದ ಕವಚ, ಕಾಲು, ಕೊಂಡಿ. ಹಿಂಭಾಗ ಮಾತ್ರ ಆಗ ತಾನೇ ಹುಟ್ಟಿದ ಇಲಿಮರಿಯಂತೆ ಮೆತ್ತಗೆ, ಒಂದು ಬದಿಗೆ ಸುರುಳಿ ಸುತ್ತಿದಂತೆ ಇತ್ತು. ಹೆಸರಿಗೆ ಸನ್ಯಾಸಿಯಾದರೂ ಈ ಏಡಿಯಷ್ಟು ಮನೆಯನ್ನು ನೆಚ್ಚಿಕೊಂಡ ಜೀವಿ ಮತ್ತೊಂದಿಲ್ಲ. ತನ್ನ ಮೈಯ ಹಿಂಭಾಗಕ್ಕೆ ನಿಸರ್ಗ ಕವಚ ಕೊಡದಿರುವುದರಿಂದ, ಸತ್ತ ಶಂಖದ ಹುಳುಗಳ ಬರಿದಾದ ಚಿಪ್ಪನ್ನು ಹುಡುಕಿ ಅದರೊಳಗೆ ಸೇರಿಕೊಳ್ಳುತ್ತದೆ. ಬೆಳೆದಂತೆ ದೊಡ್ಡ ಚಿಪ್ಪಿಗೆ ಸ್ಥಳಾಂತರವಾಗುತ್ತದೆ. ಉಸಿರಾಟಕ್ಕೆ ಬೇಕಾದ ನೀರನ್ನೂ ಆ ಚಿಪ್ಪಿನೊಳಗೇ ಹೊತ್ತು ತಿರುಗುತ್ತದೆ. ಚಿಪ್ಪಿಲ್ಲದ ಏಡಿ ಒಣಗಿ ಸಾಯಲು ಬಹಳ ಕಾಲ ಬೇಕಿಲ್ಲ.

ಅಳಿಯಂದಿರು ಅದನ್ನು ಹಿಡಿದು ಚಿಪ್ಪಿನೊಳಗೆ ತುರುಕಲು ಮುಂದಾದರು. ಮಗಳು ತಡೆದಳು. ತಿಳಿದವರನ್ನು ವಿಚಾರಿಸಿದ ಮೇಲೆ ಅವಳು ಮಾಡಿದ್ದೇ ಸರಿಯೆಂದು ಖಚಿತವಾಯಿತು. ಬಲವಂತದಿಂದ ಒಳಗೆ ತಳ್ಳಿದರೆ ಆ ಮೃದುವಾದ ಭಾಗ ಹರಿದುಹೋಗುತ್ತದೆ. ಅದರಂತೆಯೇ ಚಿಪ್ಪಿನಲ್ಲಿರುವ ಏಡಿಯನ್ನು ಎಂದಿಗೂ ಹೊರಗೆಳೆಯಬಾರದು. ಅದು ತುಂಡಾದೀತೇ ಹೊರತು ಹಿಡಿತ ಬಿಡದು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಅದನ್ನು ಇತರ ಏಡಿಗಳಿಂದ ಬೇರ್ಪಡಿಸಿ, ಮುಚ್ಚಳವಿರುವ ಚಿಕ್ಕ ಡಬ್ಬಿಯೊಂದರಲ್ಲಿ ಇಡಬೇಕು. ತಳದಲ್ಲಿ ಒದ್ದೆಯಾದ ಹಾವಸೆಯನ್ನೋ ಬಟ್ಟೆಯನ್ನೋ ಹಾಸಬೇಕು. ನಲ್ಲಿಯ ನೀರಿನ ಕ್ಲೋರಿನ್ ಇವಕ್ಕೆ ಹಾನಿಕರ; ಆದುದರಿಂದ ಅಲಂಕಾರಿಕ ಮೀನುಗಳ ಅಂಗಡಿಯಲ್ಲಿ ದೊರೆಯುವ ಕ್ಲೋರಿನ್ ನಿವಾರಕ ಹನಿಗಳನ್ನು ಬೆರೆಸಿದ ನೀರನ್ನೇ ಬಳಸಬೇಕು. ಎರಡನೆಯದಾಗಿ, ಬಣ್ಣವಿಲ್ಲದ ಮೂರು ನಾಲ್ಕು ಸಹಜ ಚಿಪ್ಪುಗಳನ್ನು ಕುದಿಸಿ, ಆರಿಸಿ, ಒಳಗೆ ತುಸು ನೀರು ಬಿಟ್ಟು, ಬಾಯಿ ಮೇಲಾಗಿ ಅದರ ಪಕ್ಕದಲ್ಲಿ ಇರಿಸಬೇಕು. ಅದರ ದೊಡ್ಡ ಕೊಂಡಿ ಬಾಗಿಲಿನಂತೆ ಮುಚ್ಚಿಕೊಳ್ಳುವಷ್ಟು ಅಥವಾ ಅದಕ್ಕಿಂತ ತುಸು ಹಿರಿದಾದ ದುಂಡು ಬಾಯಿ ಆ ಚಿಪ್ಪಿಗಿರಬೇಕು. ಹಿಂದಿನ ಚಿಪ್ಪನ್ನೂ ತೊಳೆದು ಜೊತೆಗಿಡಬಹುದು. ಮೂರನೆಯದಾಗಿ, ಡಬ್ಬಿಯನ್ನು ಬೆಚ್ಚಗಿನ, ಕತ್ತಲೆಯ ಸ್ಥಳದಲ್ಲಿಟ್ಟು ಬಟ್ಟೆ ಮುಚ್ಚಿ ಸುಮ್ಮನಿರಬೇಕು. ಈ ಸುಮ್ಮನಿರುವುದೇ ಅತ್ಯಂತ ಕಠಿಣವಾದ ಭಾಗ. ಗಳಿಗೆಗೊಮ್ಮೆ ಬಟ್ಟೆ ಸರಿಸಿ ನೋಡುವ ಪ್ರೀತಿ ಆ ಜೀವಿಗೆ ಮತ್ತೊಂದು ಭಯವೇ ಸರಿ.

ಚಿಪ್ಪು ಕುದಿಸಲು ಅಡುಗೆಗೆ ಬಳಸದ ಹಳೆಯ ಪಾತ್ರೆಯೊಂದನ್ನು ನಾನು ಬೇರೆಯಾಗಿ ತೆಗೆದಿಟ್ಟೆ. ಮಗಳು ನನ್ನತ್ತ ನೋಡಿ ನಕ್ಕಳು.

ಆ ರಾತ್ರಿ ಏನೂ ಆಗಲಿಲ್ಲ. ಮರುದಿನ ಮೊಮ್ಮಗಳು ಊಟ ಮಾಡಲಿಲ್ಲ. "ಅದು ಯಾಕ ಮನೀ ಬಿಟ್ಟಿತು?" ಎಂದು ಕೇಳಿದಳು. ಕಾರಣಗಳು ಹಲವು. ಚಿಪ್ಪು ಅಳತೆಗೆ ಸರಿಹೊಂದದಿರಬಹುದು. ಒಳಗೆ ಮರಳು, ಬಣ್ಣದ ಚೂರು ಸೇರಿ ಚುಚ್ಚುತ್ತಿರಬಹುದು. ಬೇರೊಂದು ಏಡಿ ಕಾದಾಡಿ ಕಸಿದುಕೊಂಡಿರಬಹುದು. ಎಲ್ಲಕ್ಕೂ ಮಿಗಿಲಾದ ಕಾರಣ ಒಣಹವೆ ಮತ್ತು ಅತಿಯಾದ ಶಾಖ. ಈ ಏಡಿ ನೆಲದ ಮೇಲೆ ಬಾಳಿದರೂ ಉಸಿರಾಡುವುದು ಮಾರ್ಪಟ್ಟ ಕಿವಿರುಗಳಿಂದ. ಆ ಕಿವಿರುಗಳು ಸದಾ ತೇವವಾಗಿರಬೇಕು. ತಂತಿಯ ಪಂಜರದಲ್ಲಿ ತೇವ ನಿಲ್ಲುವುದಿಲ್ಲ. ಮಂಕಾಗಿ ಕೂರುವುದು, ಆಹಾರ ಮುಟ್ಟದಿರುವುದು, ಕಾಲುಗಳನ್ನು ಉದುರಿಸಿಕೊಳ್ಳುವುದು, ಕೊನೆಗೆ ಚಿಪ್ಪನ್ನೇ ತೊರೆಯುವುದು, ಇವೆಲ್ಲ ಅದು ತನ್ನ ಸಂಕಟವನ್ನು ಹೇಳಿಕೊಳ್ಳುವ ಬಗೆ.

ಆಗ ನಾನು ಮೊಮ್ಮಗಳನ್ನು ಬಳಿ ಕೂರಿಸಿಕೊಂಡು, "ತಂಗೀ, ಬಿಸಿಲಿಗೆ ಇಟ್ಟಾಕಿ ನಾನು. ನನಗ ತಿಳಿದಿರಲಿಲ್ಲ. ಕೇಳಿ ತಿಳಕೋಬೇಕಿತ್ತು" ಎಂದೆ. ಮೊದಲನೆಯದು ತಾನಾಗಿಯೇ ಸತ್ತಿತೆಂದು ಹೇಳಿ ನುಣುಚಿಕೊಳ್ಳಬಹುದಿತ್ತು. ಆದರೆ ಮಗುವಿನ ಮುಂದೆ ಹಿರಿಯರು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಅದು ಒಪ್ಪಿಕೊಳ್ಳುವುದನ್ನು ಯಾರಿಂದ ಕಲಿಯಬೇಕು? ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ನಾನೂ ಅದನ್ನ ಭಾಳ ಸಲ ಎತ್ತಿ ಆಡಿಸೀನಿ, ಅಜ್ಜೀ" ಎಂದಳು.

ಎರಡನೆಯ ರಾತ್ರಿ ಕಳೆದು ಬಟ್ಟೆ ಸರಿಸಿದಾಗ ಡಬ್ಬಿಯಲ್ಲಿ ಏಡಿ ಕಾಣಲಿಲ್ಲ. ಕಂದು ಬಣ್ಣದ ಸಾದಾ ಚಿಪ್ಪೊಂದರ ಬಾಯಿಗೆ ನೇರಳೆ ಬಣ್ಣದ ಎಡಗೊಂಡಿ ಅಡ್ಡವಾಗಿ ಕುಳಿತಿತ್ತು. ಬಾಗಿಲು ಹಾಕಿಕೊಂಡಿತ್ತು.

ಅಷ್ಟರಲ್ಲಿ ಮಗಳು ತಂತಿಯ ಪಂಜರವನ್ನು ಹೊರಹಾಕಿ ಮುಚ್ಚಳವಿರುವ ಗಾಜಿನ ತೊಟ್ಟಿಯನ್ನು ಸಿದ್ಧಪಡಿಸಿದ್ದಳು. ಸಾಕುವವರ ಮನೆಯಲ್ಲಿ ಇರಲೇಬೇಕಾದ ಏರ್ಪಾಡುಗಳನ್ನು ಸಂಗ್ರಹವಾಗಿ ಹೇಳುತ್ತೇನೆ. ಗಾಳಿಯ ಆರ್ದ್ರತೆ ಶೇಕಡಾ 75 ರಿಂದ 85. ಉಷ್ಣತೆ 24 ರಿಂದ 29 ಡಿಗ್ರಿ ಸೆಲ್ಸಿಯಸ್. ಇವನ್ನು ಅಳೆಯುವ ಮಾಪಕಗಳನ್ನು ಒಳಗೇ ಇರಿಸಬೇಕು. ತಳದಲ್ಲಿ ಮರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣ ಆರಂಗುಲಕ್ಕೆ ಕಡಿಮೆಯಿಲ್ಲದಂತೆ, ಮಕ್ಕಳು ಮರಳಿನ ಗುಡಿ ಕಟ್ಟುವಷ್ಟು ತೇವವಾಗಿ ಇರಬೇಕು. ಎರಡು ಬಟ್ಟಲು ನೀರು ಬೇಕು: ಒಂದು ಸಿಹಿನೀರು, ಇನ್ನೊಂದು ಸಮುದ್ರದ ಉಪ್ಪು ಬೆರೆಸಿದ್ದು. ಅಡುಗೆಯ ಉಪ್ಪು ಸಲ್ಲದು. ಬಿದ್ದರೆ ಹತ್ತಿ ಬರುವಂತೆ ಬಟ್ಟಲಿನಲ್ಲಿ ಕಲ್ಲುಗಳಿರಬೇಕು. ಆಹಾರಕ್ಕೆ ಉಪ್ಪು ಖಾರ ತಾಗದ ಹಣ್ಣು, ತರಕಾರಿ, ಸುಣ್ಣದ ಅಂಶಕ್ಕಾಗಿ ಮೊಟ್ಟೆಯ ಓಡಿನ ಪುಡಿ. ಒಂದೊಂದು ಏಡಿಗೂ ಆಯ್ದುಕೊಳ್ಳಲು ಹಲವು ಚಿಪ್ಪುಗಳಿರಬೇಕು. ಈ ಏಡಿಗಳು ಗುಂಪಾಗಿ ಬಾಳುವವಾದ್ದರಿಂದ ಒಂಟಿಯಾಗಿ ಇಡುವುದು ಲೇಸಲ್ಲ. ಯಾರೋ ಸಾಕಲಾರದೆ ಬಿಟ್ಟುಕೊಟ್ಟ ಏಡಿಯೊಂದು ಮುಂದೆ ನಮ್ಮದಕ್ಕೆ ಜೊತೆಯಾಯಿತು.

ಕೆಲವು ವಾರಗಳ ಮೇಲೆ ನಮ್ಮ ಏಡಿ ಮರಳೊಳಗೆ ಹೂತುಕೊಂಡು ಕಾಣದಾಯಿತು. ಮೊಮ್ಮಗಳು ಅಗೆದು ನೋಡಲು ಹವಣಿಸಿದಳು. ಆದರೆ ಇದು ಪೊರೆ ಕಳಚುವ ಕಾಲ. ಏಡಿ ನೆಲದಡಿಯಲ್ಲಿ ವಾರಗಟ್ಟಲೆ, ದೊಡ್ಡದಾದರೆ ತಿಂಗಳುಗಟ್ಟಲೆ ಇದ್ದು, ಹಳೆಯ ಕವಚ ಕಳಚಿ, ಅದನ್ನೇ ತಿಂದು, ಹೊಸ ಕವಚ ಗಟ್ಟಿಯಾದ ಮೇಲೆ ಮೇಲೇರುತ್ತದೆ. ಕಳೆದುಕೊಂಡ ಕಾಲುಗಳೂ ಆಗ ಮರಳಿ ಮೂಡುತ್ತವೆ. ಈ ಅವಧಿಯಲ್ಲಿ ಅಗೆಯುವುದೆಂದರೆ ಕೊಲ್ಲುವುದೆಂದೇ ಅರ್ಥ. ನಾನು ಊರಿಗೆ ಮರಳುವ ದಿನದವರೆಗೂ ಅದು ಮೇಲೆ ಬರಲಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ನನಗೆ ಅನಿಸಿದ್ದನ್ನು ಹೇಳದಿರಲಾರೆ. ಅಮೆರಿಕದಲ್ಲಿ ಹೆಚ್ಚಾಗಿ ಮಾರಾಟವಾಗುವುದು ಕ್ಯಾರಿಬಿಯನ್ ದ್ವೀಪಗಳ ಸೀನೊಬಿಟಾ ಕ್ಲಿಪಿಯೇಟಸ್ ಎಂಬ ಜಾತಿ. ಇದರ ಮರಿಗಳು ಸಮುದ್ರದ ನೀರಿನಲ್ಲಿಯೇ ಬೆಳೆಯಬೇಕಾದ್ದರಿಂದ ಮನೆಯಲ್ಲಿ ಸಂತಾನವಾಗುವುದು ಅತಿ ವಿರಳ. ಮಾರುವ ಏಡಿಗಳು ಬಹುತೇಕ ತೀರದಿಂದ ಹಿಡಿದು ತಂದವೇ. ಸರಿಯಾಗಿ ನೋಡಿಕೊಂಡರೆ ಮೂವತ್ತು ವರ್ಷ ಬಾಳಬಲ್ಲ ಜೀವಿ ಆಟಿಕೆಯಾಗಿ ಕೆಲವೇ ವಾರಗಳಲ್ಲಿ ಸಾಯುವುದು ಅನ್ಯಾಯ. ಮನುಷ್ಯರು ಅವುಗಳ ನೆಲೆಯನ್ನೂ ಸುಮ್ಮನೆ ಬಿಟ್ಟಿಲ್ಲ. ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲಿ ಹಾಗೂ ಪೆಸಿಫಿಕ್‌ನ ಹೆಂಡರ್ಸನ್ ದ್ವೀಪದಲ್ಲಿ ಸುಮಾರು 5 ಲಕ್ಷ 70 ಸಾವಿರ ಸನ್ಯಾಸಿ ಏಡಿಗಳು ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳಲ್ಲಿ ಸಿಲುಕಿ ಸತ್ತಿರಬಹುದೆಂದು 2020 ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಒಂದು ಸತ್ತಾಗ ಬರುವ ವಾಸನೆ ಇತರವುಗಳಿಗೆ "ಇಲ್ಲೊಂದು ಚಿಪ್ಪು ಬರಿದಾಗಿದೆ" ಎಂಬ ಕರೆಯಂತೆ. ಅದನ್ನು ಅರಸಿ ಬಂದವೂ ಅದೇ ಬಾಟಲಿಯಲ್ಲಿ ಬೀಳುತ್ತವೆ.

ನಮ್ಮ ಕಾರವಾರ, ಮಲ್ಪೆಗಳ ತೀರದಲ್ಲಿಯೂ ಬಂಡೆಗಳ ನಡುವಣ ನೀರಿನಲ್ಲಿ ಚಿಕ್ಕ ಸನ್ಯಾಸಿ ಏಡಿಗಳು ಕಾಣಸಿಗುತ್ತವೆ. ಅವು ಸಮುದ್ರದ ನೀರನ್ನು ಬಿಟ್ಟು ಬದುಕಲಾರವು. ಮಕ್ಕಳು ಮನೆಗೆ ತರದಂತೆ ನೋಡಿಕೊಳ್ಳಿರಿ. ಬರಿದಾದ ಚಿಪ್ಪುಗಳನ್ನು ಚೀಲ ತುಂಬಿ ತರುವುದೂ ಬೇಡ. ಅವು ಯಾರದೋ ನಾಳಿನ ಮನೆಗಳು.

ಊರಿಗೆ ಬಂದು ತಿಂಗಳಾಗುತ್ತ ಬಂದಾಗ ಮಗಳ ಮನೆಯಿಂದ ದೂರವಾಣಿ ಕರೆ ಬಂದಿತು. ಮೊಮ್ಮಗಳ ಧ್ವನಿ: "ಅಜ್ಜೀ, ಮ್ಯಾಲ ಬಂತು! ಮೊದಲಿಗಿಂತ ದೊಡ್ಡದಾಗೈತಿ. ನಾನು ಅಗದಿಲ್ಲ, ಕಾಯ್ದೀನಿ."

ಎತ್ತಿ ನೋಡಿದೆಯಾ ಎಂದು ಕೇಳಿದೆ. ಇಲ್ಲ, ದೂರದಿಂದಲೇ ನೋಡಿದೆ ಎಂದಳು.