ಪ್ಲಗ್ ಉಜ್ಜಿ ಉಳಿಸುವ ದುಡ್ಡು

ಕೊಹಿನೂರ ಸುತ್ತಲಿನ ಹಳ್ಳಿಗಳಿಂದ ಬಸವಕಲ್ಯಾಣ, ಹುಮನಾಬಾದ್ ಪೇಟೆಗೆ ತೊಗರಿ, ಸೋಯಾ ಸಾಗಿಸುವ ಸಣ್ಣ ಗಾಡಿಗಳಲ್ಲಿ ಬಹುಕಾಲ ಡೀಸೆಲ್‌ನದೇ ಕಾರುಬಾರು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗಿನ ಹಂಗಿಲ್ಲ; ಒತ್ತಡಕ್ಕೆ ಕಾದ ಗಾಳಿಯಲ್ಲಿ ಇಂಧನ ತಾನೇ ಹೊತ್ತಿಕೊಳ್ಳುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಟಾಟಾ ಏಸ್, ಮಾರುತಿ ಸೂಪರ್ ಕ್ಯಾರಿಯಂಥ ಗಾಡಿಗಳಲ್ಲಿ ಪೆಟ್ರೋಲ್, ಸಿಎನ್‌ಜಿ ಎಂಜಿನ್ನುಗಳು ಹೆಚ್ಚಿದವು. ಅವಕ್ಕೀಗ ವಯಸ್ಸಾಗುತ್ತಿದೆ. ಆದರೆ ಆಯಿಲ್, ಫಿಲ್ಟರ್ ಬದಲಿಸಿದರೆ ಸರ್ವಿಸ್ ಮುಗಿಯಿತೆನ್ನುವ ಡೀಸೆಲ್ ಕಾಲದ ರೂಢಿ ಹೋಗಿಲ್ಲ. ಗಾಡಿ ಮಿಸ್ಸಿಂಗ್ ಹೊಡೆದಾಗಷ್ಟೇ ಪ್ಲಗ್ ನೆನಪಾಗುತ್ತದೆ. ಆಗಲೂ ಪಾಲಿಶ್ ಪೇಪರ್‌ನಿಂದ ಉಜ್ಜಿ ಮತ್ತೆ ಕೂರಿಸುವುದೇ ಹೆಚ್ಚು.

ಇದು ಉಳಿತಾಯವಲ್ಲ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿ ಪ್ಲಗ್ಗೂ ಒಂದೂವರೆ ಸಾವಿರ ಸಲ ಕಿಡಿ ಹಾರಿಸಬೇಕು. ತುದಿ ಸವೆದಂತೆ ಸುಮಾರು ಒಂದು ಮಿಲಿಮೀಟರ್ ಇರಬೇಕಾದ ಗ್ಯಾಪ್ ಅಗಲವಾಗುತ್ತದೆ, ಅದನ್ನು ದಾಟಲು ಕಾಯಿಲ್ ಹೆಚ್ಚು ವೋಲ್ಟೇಜ್ ಕೊಡಬೇಕಾಗುತ್ತದೆ. ಸಿಎನ್‌ಜಿಗಂತೂ ಪೆಟ್ರೋಲಿಗಿಂತ ಜೋರಾದ ಕಿಡಿ ಬೇಕು. ಹೀಗಾಗಿ ಪೆಟ್ರೋಲಿನಲ್ಲಿ ಸರಿಯಾಗಿ ಓಡುವ ಗಾಡಿ ಗ್ಯಾಸಿಗೆ ಹಾಕಿದೊಡನೆ ತಡವರಿಸಿದರೆ ಮೊದಲು ನೋಡಬೇಕಾದದ್ದು ಪ್ಲಗ್ಗನ್ನೇ. ಕಿಡಿ ತಪ್ಪಿದಾಗ ಸುಡದೆ ಉಳಿದ ಇಂಧನ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು, ಅದನ್ನು ಹಾಳುಮಾಡುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಹಲವು ಸಾವಿರಕ್ಕೆ ಗಂಡಾಂತರ. ಉಜ್ಜಿದರೆ ಮಸಿ ಹೋಗಬಹುದು, ಸವೆದ ಲೋಹ ಮರಳುವುದಿಲ್ಲ. ಇರಿಡಿಯಂ ಪ್ಲಗ್ಗಾದರೆ ಅದರ ಸೂಜಿಯಂಥ ತುದಿಯೇ ಕೆಡುತ್ತದೆ.

ಹಳೆ ಎಂಜಿನ್ನಿಗೆ ಹೊಸ ಪ್ಲಗ್ ಹಾಕಿ ಏನು ಫಲ ಎನ್ನುವವರಿದ್ದಾರೆ. ರಿಂಗ್ ಸವೆದು ಆಯಿಲ್ ಕುಡಿಯುವ ಎಂಜಿನ್ನು ಇದರಿಂದ ಸುಧಾರಿಸದು, ಒಪ್ಪಬೇಕು. ಆದರೆ ಆ ರೋಗ ಕಾಣುವುದೂ ಬಿಚ್ಚಿದ ಪ್ಲಗ್ಗಿನಲ್ಲೇ: ತಿಳಿ ಕಂದು ಬಣ್ಣವಿದ್ದರೆ ಕ್ಷೇಮ, ಒಣ ಮಸಿಯಿದ್ದರೆ ಇಂಧನ ಹೆಚ್ಚಾಗಿದೆ, ಆಯಿಲಿನ ಜಿಡ್ಡಿದ್ದರೆ ರಿಂಗ್ ಇಲ್ಲವೇ ವಾಲ್ವ್ ಸೀಲ್ ನೋಡಬೇಕು. ಬಹುಕಾಲ ಕೂತ ಪ್ಲಗ್ ಬಿಚ್ಚುವಾಗ ಅಲ್ಯೂಮಿನಿಯಂ ಹೆಡ್ಡಿನ ಆಟೆ (ಥ್ರೆಡ್) ಕಿತ್ತೀತೆಂಬ ಭಯ ಆ ಆಕ್ಷೇಪಕ್ಕಿಂತ ನಿಜವಾದದ್ದು. ಅದಕ್ಕೇ ಎಂಜಿನ್ ಪೂರ್ತಿ ಆರಿದ ಮೇಲೆ, ಸುತ್ತಲಿನ ಧೂಳು ಊದಿ, ನಿಧಾನ ಬಿಚ್ಚಬೇಕು. ಹೊಸದನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಬೇಕು. ಆ ಭಯಕ್ಕೆ ಹಳೆ ಪ್ಲಗ್ಗನ್ನು ಮುಟ್ಟದೆ ಬಿಟ್ಟಷ್ಟೂ ಅದು ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಕಂಪನಿಯ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ಎಲ್ಲ ಪ್ಲಗ್ಗುಗಳನ್ನೂ ಒಟ್ಟಿಗೇ ಬದಲಿಸಿ, ಹಳೆಯವನ್ನು ಮೆಕ್ಯಾನಿಕ್‌ನಿಂದ ಕೇಳಿ ಪಡೆದು ಬೆಳಕಿಗೆ ಹಿಡಿದು ನೋಡಿ.