ಮಳೆಗೆ ರಜೆ ಇದೆ, ಜ್ವರಕ್ಕೇಕಿಲ್ಲ?

ಮುಂಗಾರು ಬಿರುಸಾದಾಗ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ತಾಲ್ಲೂಕುಗಳ ಶಾಲೆಗಳಿಗೆ ಜಿಲ್ಲಾಡಳಿತ ರಜೆ ಕೊಡುವುದು ಈಗ ಪ್ರತಿವರ್ಷದ ಮಾತು. ಹಳ್ಳ ಉಕ್ಕಿ ರಸ್ತೆಗೆ ಮರ ಬಿದ್ದ ದಿನ ಮಗುವನ್ನು ಕಳಿಸಬೇಕೋ ಬೇಡವೋ ಎಂದು ಗೋಣಿಬೀಡಿನ ತಾಯಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದಿರುತ್ತದೆ. ತಪ್ಪಿದ ಪಾಠವನ್ನು ಮುಂದೆ ಶನಿವಾರವೋ ಇನ್ನೊಂದು ರಜಾದಿನವೋ ತುಂಬಿಕೊಳ್ಳುತ್ತಾರೆ, ಯಾರ ಹಾಜರಿಗೂ ಪೆಟ್ಟು ಬೀಳುವುದಿಲ್ಲ. ಅದೇ ಮಗುವಿಗೆ ಜ್ವರ ಬಂದರೆ ತೀರ್ಮಾನವೂ ಮನೆಯವರದು, ನಷ್ಟವೂ ಮನೆಯವರದು. 2025ರ ಮೇ ಕೊನೆಯಲ್ಲಿ, ಕೋವಿಡ್ ಪ್ರಕರಣಗಳು ಮತ್ತೆ ಏರುತ್ತಿದ್ದಾಗ, ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಬಂದರೆ ಮನೆಗೆ ವಾಪಸ್ ಕಳಿಸಿ ಎಂದು ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತು. ಸಲಹೆಯಲ್ಲಿ ತಪ್ಪೇನಿಲ್ಲ. ಆದರೆ ಹೀಗೆ ವಾಪಸ್ ಬಂದ ಮಗುವಿನ ಜತೆ ಹಗಲು ಯಾರು ಕೂರಬೇಕು, ಅವರ ಆ ದಿನದ ಕೂಲಿಯನ್ನು ಯಾರು ಕೊಡಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಫ್ಲೂ ತಡೆಯುವ ನಮ್ಮ ಪ್ರಯತ್ನಗಳೆಲ್ಲ ಮುಗ್ಗರಿಸುವುದು ಇಲ್ಲೇ.

ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಬಾರಿ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಇನ್ನೊಮ್ಮೆ. ಕಾಫಿ ಸೀಮೆಯ ಪಂಚಾಂಗದ ಪಕ್ಕ ಇದನ್ನಿಟ್ಟು ನೋಡಿದರೆ ಸಮಸ್ಯೆಯ ಅರ್ಧ ಭಾಗ ಬಿಡಿಸಿಕೊಳ್ಳುತ್ತದೆ. ಮೊದಲನೆಯದು ಬರುವುದು ಅರೇಬಿಕಾ ಮುಗಿದು ರೊಬಸ್ಟಾ ಕೊಯ್ಲು ನಡೆಯುವ ಹೊತ್ತಿಗೆ. ಆಗ ಎಷ್ಟು ಕೆಜಿ ಹಣ್ಣು ಕುಯ್ದರೆ ಅಷ್ಟು ದುಡ್ಡು. ವರ್ಷದಲ್ಲಿ ನಾಲ್ಕು ಕಾಸು ಮಿಗುವುದು ಆ ವಾರಗಳಲ್ಲೇ. ಹೊರಗಿನಿಂದ ಬಂದ ಕೂಲಿಕಾರರು ಸೇರಿ ಲೈನ್ ಮನೆಗಳು ತುಂಬಿರುತ್ತವೆ, ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುತ್ತಾರೆ. ಎರಡನೆಯದು ಬರುವಾಗ ಇರಚಲು ಒಳಗೆ ಹೊಡೆಯುತ್ತದೆಂದು ತರಗತಿಯ ಕಿಟಕಿಗಳನ್ನು ಮುಚ್ಚಿರುತ್ತಾರೆ, ಒದ್ದೆ ಸ್ವೆಟರಿನ ಮಕ್ಕಳು ಒತ್ತೊತ್ತಾಗಿ ಕೂತಿರುತ್ತಾರೆ. ಫ್ಲೂ ತಗುಲಿದವರು ಜ್ವರ ಕಾಣಿಸುವ ಹಿಂದಿನ ದಿನದಿಂದಲೇ ಹರಡಬಲ್ಲರು. ಆಮೇಲೂ ಸುಮಾರು ಒಂದು ವಾರ, ಮಕ್ಕಳಾದರೆ ಇನ್ನೂ ಕೆಲವು ದಿನ ಹೆಚ್ಚು. ಹಾಗಾಗಿ ಕಾಯಿಲೆಯ ಮಗುವನ್ನು ಮನೆಯಲ್ಲಿ ಉಳಿಸಿಕೊಂಡರೆ ಸೋಂಕು ಪೂರ್ತಿ ನಿಲ್ಲುತ್ತದೆಂದು ಯಾರೂ ಹೇಳಲಾರರು. ಆದರೆ ಅತಿ ಹೆಚ್ಚು ವೈರಸ್ ಹೊರಬೀಳುವುದು ಜ್ವರದ ಮೊದಲ ಮೂರು-ನಾಲ್ಕು ದಿನಗಳಲ್ಲಿ. ಆ ಕೆಲವು ದಿನ, ಔಷಧಿಯ ನೆರವಿಲ್ಲದೆ ಜ್ವರ ಇಳಿದು 24 ಗಂಟೆ ಕಳೆಯುವವರೆಗೆ, ಮಗು ಬೆಂಚಿನ ಮೇಲಿಲ್ಲದಿದ್ದರೆ ಲಾಭ ಸಣ್ಣದಲ್ಲ.

ಆದರೆ ಶಾಲೆಗೆ ಬಾರದ ಮಗು ಕಳೆದುಕೊಳ್ಳುವುದು ಪಾಠವನ್ನಷ್ಟೇ ಅಲ್ಲ. ಬಿಸಿಯೂಟ, ಹಾಲು, ಈಗ ವಾರಕ್ಕೆ ಆರು ದಿನ ಮೊಟ್ಟೆ, ಜತೆಗೆ ಹಗಲಿಡೀ ಒಬ್ಬ ದೊಡ್ಡವರ ಕಣ್ಣು, ಇಷ್ಟನ್ನೂ ಸರ್ಕಾರಿ ಶಾಲೆ ಕೊಡುತ್ತದೆ. ತೋಟಕ್ಕೆ ಹೋಗುವ ತಾಯಿ ಬೆಳಿಗ್ಗೆ ಪ್ಯಾರಸಿಟಮಾಲ್ ಕುಡಿಸಿ ಮಗುವನ್ನು ಶಾಲೆಗೆ ಕಳಿಸಿದರೆ ಅದು ಅಜ್ಞಾನವಲ್ಲ, ಲೆಕ್ಕಾಚಾರ. ಅವಳ ಜಾಗದಲ್ಲಿ ಯಾರಿದ್ದರೂ ಮಾಡುವ ಲೆಕ್ಕಾಚಾರ. ಕಾನೂನು ಅವಳ ನೆರವಿಗೆ ಬಂದದ್ದೂ ಅಷ್ಟಕ್ಕಷ್ಟೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು, ಆದರೆ ಅದು ಆರು ವರ್ಷದೊಳಗಿನವರಿಗೆ. ಕಾಯಿಲೆ ಭತ್ಯೆಯನ್ನೂ ಕೊಟ್ಟಿತು, ಆದರೆ ಅದು ಕಾರ್ಮಿಕರೇ ಮಲಗಿದರೆ ಮಾತ್ರ. ಎರಡನೇ ತರಗತಿಯ ಮಗುವಿನ ಜ್ವರ ಈ ಎರಡರ ನಡುವೆ ಎಲ್ಲೋ ಬಿದ್ದುಹೋಯಿತು. ಇನ್ನು 15ಕ್ಕಿಂತ ಕಡಿಮೆ ಆಳುಗಳ ಸಣ್ಣ ತೋಟಗಳಿಗೆ ಆ ಕಾಯ್ದೆಯೇ ಮುಟ್ಟುತ್ತಿರಲಿಲ್ಲ. ನಮ್ಮಲ್ಲಿ ಹೆಚ್ಚಿನ ಹಿಡುವಳಿಗಳು ಅಂಥವೇ.

‘ಶೀತ-ಜ್ವರಕ್ಕೆ ಇಷ್ಟೊಂದು ಗಲಾಟೆಯೇ? ಮೆಣಸಿನ ಕಷಾಯ ಕುಡಿದು ನಾವೆಲ್ಲ ಬೆಳೆದಿಲ್ಲವೇ?’ ಎಂದು ಕೇಳುವವರಿದ್ದಾರೆ. ಮಗುವಿನ ಮಟ್ಟಿಗೆ ಬಹುತೇಕ ಅವರ ಮಾತೇ ಸರಿ. ಮೂರು ದಿನದ ಜ್ವರ, ಎರಡು-ಮೂರು ವಾರ ಎಳೆಯುವ ಕೆಮ್ಮು, ಆಮೇಲೆ ಮಗು ಮತ್ತೆ ಅಂಗಳದಲ್ಲಿ. ಕಷಾಯಕ್ಕೂ ನನ್ನ ತಕರಾರಿಲ್ಲ. ತಕರಾರಿರುವುದು ವೈರಸ್ ಮೇಲೆ ಏನೂ ಮಾಡಲಾರದ ಆ್ಯಂಟಿಬಯೋಟಿಕ್ ಅನ್ನು ಮೆಡಿಕಲ್ ಶಾಪಿನಿಂದ ಕೇಳಿ ತಂದು ನುಂಗಿಸುವುದಕ್ಕೆ. ಪ್ರಶ್ನೆ ಇರುವುದು ಮಗು ಅದನ್ನು ಯಾರಿಗೆ ದಾಟಿಸುತ್ತದೆ ಎಂಬುದರಲ್ಲಿ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂನಿಂದ ರಾಜ್ಯದಲ್ಲಿ ಮೊದಲು ವರದಿಯಾದ ಸಾವು ನಮ್ಮ ನೆರೆಯ ಹಾಸನ ಜಿಲ್ಲೆಯ 82 ವರ್ಷದ ವೃದ್ಧರದು. ಫ್ಲೂ ಹೆಚ್ಚು ಬಲಿ ತೆಗೆದುಕೊಳ್ಳುವುದು ಇಂಥ ಹಿರಿಯರನ್ನು, ಬಸುರಿಯರನ್ನು, ಹಸುಗೂಸುಗಳನ್ನು, ಸಕ್ಕರೆ ಕಾಯಿಲೆ, ದಮ್ಮು ಇರುವವರನ್ನು. ಶಾಲೆಗೂ ಅಜ್ಜಿಯ ಹಾಸಿಗೆಗೂ ಇರುವ ನಂಟಿಗೆ ಬಲವಾದ ಪುರಾವೆ ಸಿಕ್ಕಿದ್ದು ಜಪಾನಿನಲ್ಲಿ. ಅಲ್ಲಿ 1962ರಿಂದ ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಹಾಕುತ್ತಿದ್ದರು. 1987ರಲ್ಲಿ ಬೇಡವೆನ್ನುವ ಅವಕಾಶ ಕೊಟ್ಟರು, 1994ರಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಿದರು. ಲಸಿಕೆ ಹಾಕಿದ್ದು ಮಕ್ಕಳಿಗಾದರೂ ಆ ವರ್ಷಗಳಲ್ಲಿ ಇಳಿದದ್ದು ಮುಖ್ಯವಾಗಿ ಮುದುಕರ ಸಾವು, ನಿಂತ ಮೇಲೆ ಅದು ಮತ್ತೆ ಏರಿತು ಎಂದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ದೇಶವಿಡೀ ಅಂಕಿ ನೋಡಿ ಊಹಿಸಿದ ಸಂಬಂಧವಿದು ಎಂದು ಆಕ್ಷೇಪಿಸಿದವರೂ ಉಂಟು. ಆದರೂ ಮಗುವಿನಿಂದ ಮನೆಗೆ ಫ್ಲೂ ಬರುತ್ತದೆ ಎಂಬುದನ್ನು ಅಲ್ಲಗಳೆಯುವವರು ವಿರಳ.

ಹಾಗಾದರೆ ಜ್ವರಕ್ಕೂ ಒಂದು ರಜೆ ಬೇಕು, ಮಳೆ ರಜೆಯಷ್ಟೇ ಸಲೀಸಾದದ್ದು. ಮುಖ್ಯ ಶಿಕ್ಷಕರು ಆ ದಿನಗಳನ್ನು ಗೈರುಹಾಜರಿಗೆ ಸೇರಿಸದಿರಲಿ. ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿ ಇರುವಲ್ಲಿ ಅದನ್ನು ಕೈಬಿಡಲಿ. ಕೆಮ್ಮುತ್ತಲೇ ಬಂದ ಮಗುವಿಗೆ ವೇದಿಕೆಯಲ್ಲಿ ಚಪ್ಪಾಳೆ ಹೊಡೆಸುವುದರಲ್ಲಿ ಏನು ಸೊಗಸಿದೆಯೋ ನನಗೆ ತಿಳಿಯದು. ಕೋವಿಡ್ ಕಾಲದಲ್ಲಿ ಬಿಸಿಯೂಟದ ರೇಷನ್ನನ್ನೇ ಮನೆಗೆ ಮುಟ್ಟಿಸಿದ ವ್ಯವಸ್ಥೆಗೆ, ಕಾಯಿಲೆ ಬಿದ್ದ ಮಗುವಿನ ಪಾಲಿನ ಮೊಟ್ಟೆಯನ್ನು ಅಕ್ಕನ ಕೈಯಲ್ಲೋ ಅಣ್ಣನ ಕೈಯಲ್ಲೋ ಕಳಿಸುವುದು ಕಷ್ಟವಾಗಲಾರದು. ಕೂಲಿಯದೇ ಕಠಿಣ ಮಾತು. ಆಶಾ ಕಾರ್ಯಕರ್ತೆ ಥರ್ಮಾಮೀಟರ್ ಇಟ್ಟು ನೋಡಿ ಚೀಟಿ ಬರೆದರೆ ಅಪ್ಪ ಅಥವಾ ಅಮ್ಮನಿಗೆ ವರ್ಷಕ್ಕೆ ಕೆಲವು ದಿನ ಕೂಲಿಸಹಿತ ರಜೆ, ಇದನ್ನು ಬೆಳೆಗಾರರ ಸಂಘಗಳೇ ಒಪ್ಪಿಕೊಂಡು ಶುರು ಮಾಡಬಹುದು. ಸುಳ್ಳು ಜ್ವರ ಹೇಳುತ್ತಾರೆಂಬ ಅನುಮಾನಕ್ಕೆ ಆ ಚೀಟಿಯೇ ಉತ್ತರ. ಎರಡೆಕರೆ, ಮೂರೆಕರೆಯ ಬೆಳೆಗಾರನಿಗೆ ಇದು ಹೊರೆ ಎಂಬ ಆಕ್ಷೇಪ ಮಾತ್ರ ತಳ್ಳಿಹಾಕುವಂಥದ್ದಲ್ಲ. ಅಂಥವರ ಪಾಲನ್ನು ಗ್ರಾಮ ಪಂಚಾಯಿತಿಯೋ ಕಾರ್ಮಿಕ ಇಲಾಖೆಯೋ ಹೊರಬೇಕು. ದೊಡ್ಡ ತೋಟಗಳಿಗೆ ಆ ನೆಪ ಸಲ್ಲದು: ಹಣ್ಣು ಗಿಡದಲ್ಲೇ ಒಣಗುವ ಹೊತ್ತಿನಲ್ಲಿ ಇಡೀ ಲೈನ್ ಮಲಗಿದರೆ ಆಗುವ ನಷ್ಟದ ಮುಂದೆ ಮೂರು ದಿನದ ಕೂಲಿ ಏನೇನೂ ಅಲ್ಲ.

ಆಶಾ ಕಾರ್ಯಕರ್ತೆ ಮನೆಗೆ ಬರುವುದರಿಂದ ಇನ್ನೊಂದು ಅನುಕೂಲವೂ ಇದೆ. ಮಲೆನಾಡಿನಲ್ಲಿ ಜ್ವರವೆಲ್ಲ ಫ್ಲೂ ಅಲ್ಲ. ಜನವರಿ-ಮಾರ್ಚ್ ಮಂಗನ ಕಾಯಿಲೆಯ ಕಾಲವೂ ಹೌದು. ಮಳೆಗಾಲದಲ್ಲಿ ಡೆಂಗಿ, ಇಲಿ ಜ್ವರ ಇರುತ್ತವೆ. ಮನೆಯಲ್ಲೇ ಉಳಿಸಿಕೊಳ್ಳಿ ಎನ್ನುವ ಸಲಹೆ, ಆಸ್ಪತ್ರೆಗೆ ತೋರಿಸುವುದನ್ನೇ ತಡಮಾಡುವ ನೆಪವಾಗಬಾರದು. ಉಸಿರು ವೇಗವಾದರೆ, ಮಗು ನೀರು ಕುಡಿಯದೆ ಮಂಕಾದರೆ, ಬಿಟ್ಟ ಜ್ವರ ಮರಳಿ ಏರಿದರೆ ಕಾಯಬಾರದು.

ಲಸಿಕೆಯ ಮಾತೂ ಬರಲೇಬೇಕು. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಪ್ರತಿವರ್ಷ ಫ್ಲೂ ಲಸಿಕೆ ಕೊಡಿಸಿ ಎಂದು ಮಕ್ಕಳ ವೈದ್ಯರ ರಾಷ್ಟ್ರೀಯ ಸಂಘಟನೆ ಹೇಳುತ್ತದೆ, ಆದರೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಅದಿಲ್ಲ. ಖಾಸಗಿಯಾಗಿ ಕೊಳ್ಳುವ ಒಂದು ಡೋಸಿಗೆ ತೋಟದ ಹಲವು ದಿನಗಳ ಕೂಲಿ ಹೋಗುತ್ತದೆ. ಎಲ್ಲರಿಗೂ ಸಾಧ್ಯವಾಗದಿದ್ದರೆ ಲೈನ್ ಮನೆಗಳ ಬಸುರಿಯರು, ಅರವತ್ತು ದಾಟಿದವರು, ಅಂಗನವಾಡಿಯ ಮಕ್ಕಳಿಂದ ಜಿಲ್ಲಾ ಆರೋಗ್ಯ ಇಲಾಖೆ ಶುರು ಮಾಡಬಹುದು. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಕೂಡಿಬರಲು ಎರಡು ವಾರ ಬೇಕು, ಕೆಲವು ತಿಂಗಳಲ್ಲಿ ಅದು ಇಳಿಯುತ್ತಲೂ ಹೋಗುತ್ತದೆ. ಆದ್ದರಿಂದ ಮುಂಗಾರು ಮೊದಲಾಗುವ ನಮ್ಮ ಕಡೆಗೆ ತಕ್ಕ ಸಮಯವೆಂದರೆ ಹೂಮಳೆ ಮುಗಿದ ಏಪ್ರಿಲ್-ಮೇ, ಅಂದರೆ ಶಾಲೆಗಳು ಮುಚ್ಚಿರುವ, ತೋಟದಲ್ಲಿ ಕೆಲಸ ತುಸು ಸಡಿಲವಾಗಿರುವ ವಾರಗಳು. ಮೇ ಕೊನೆಯಲ್ಲಿ ಶಾಲೆಯ ಬಾಗಿಲು ತೆರೆದ ಮೇಲೆ ಸುತ್ತೋಲೆ ಹೊರಡಿಸುವ ಬದಲು ಏಪ್ರಿಲ್‌ನಲ್ಲೇ ಎಸ್‌ಡಿಎಂಸಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಬೆಳೆಗಾರರ ಸಂಘ ಒಂದೆಡೆ ಕೂತು ಯಾವ ಲೈನಿಗೆ ಎಷ್ಟು ಡೋಸ್, ಯಾರಿಗೆ ಎಷ್ಟು ದಿನದ ರಜೆ ಎಂದು ಬರೆದಿಡಲು ಯಾವ ಕಾಯ್ದೆಯ ತಿದ್ದುಪಡಿಗೂ ಕಾಯಬೇಕಿಲ್ಲ.