ಸ್ನಾಯುವಿನ ನೀರು ಹೇಳುವ ಗುಟ್ಟು

ಸಿರುಗುಪ್ಪ ಸೀಮೆಯ ದೇಶನೂರಿನಂಥ ಊರುಗಳಲ್ಲಿ ಭತ್ತದ ನಾಟಿ ಮಾಡಿದವರಿಗೆ ಮರುದಿನ ತೊಡೆ, ಸೊಂಟ ಹಿಡಿದುಕೊಳ್ಳುವುದು ಹೊಸತಲ್ಲ. ನಾಲ್ಕು ದಿನಕ್ಕೆ ನೋವು ಇಳಿಯುತ್ತದೆ. ಅಷ್ಟಕ್ಕೇ ಸ್ನಾಯು ಸರಿಹೋಯಿತೆನ್ನಬಹುದೇ? ಚರ್ಮ ಕೊಯ್ಯದೆ ಇದಕ್ಕೆ ಉತ್ತರ ಹೇಳಬಲ್ಲ ಸಾಧನ ಎಂ.ಆರ್.ಐ.

ಸ್ನಾಯುವಿನ ತೂಕದ ಸುಮಾರು ಮುಕ್ಕಾಲು ಪಾಲು ನೀರು. ನೀರಿನಲ್ಲಿರುವ ಜಲಜನಕದ ಪರಮಾಣು ಬೀಜಗಳು ಪುಟ್ಟ ಕಾಂತಗಳಂತೆ ವರ್ತಿಸುತ್ತವೆ. ಪ್ರಬಲ ಕಾಂತಕ್ಷೇತ್ರದಲ್ಲಿ ಅವುಗಳ ಮೇಲೆ ರೇಡಿಯೋ ಅಲೆ ಹಾಯಿಸಿದರೆ ಕೋಲಾಟದವರಂತೆ ಒಂದೇ ಹೆಜ್ಜೆಯಲ್ಲಿ ತಿರುಗಿ ಸಂಕೇತ ಹೊರಡಿಸುತ್ತವೆ. ಅಲೆ ನಿಂತೊಡನೆ ಹೆಜ್ಜೆ ತಪ್ಪತೊಡಗಿ ಸಂಕೇತ ಕುಗ್ಗುತ್ತದೆ. ಹೀಗೆ ಕುಗ್ಗುವ ಅವಧಿಯ ಅಳತೆಯೇ ‘ಟಿ-2’. ಪ್ರೋಟೀನುಗಳ ಇಕ್ಕಟ್ಟಿನಲ್ಲಿರುವ ನೀರಿನಲ್ಲಿ ಹೆಜ್ಜೆ ಬೇಗ ತಪ್ಪುತ್ತದೆ. ಸಡಿಲವಾಗಿರುವ ನೀರಿನಲ್ಲಿ ತಡವಾಗಿ. ಆರೋಗ್ಯವಂತ ಸ್ನಾಯುವಿನಲ್ಲಿ ಇದು ಸುಮಾರು 30ರಿಂದ 40 ಮಿಲಿಸೆಕೆಂಡು.

ಈ ವಿದ್ಯೆಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವದಲ್ಲಿ ಇಂಥ ಸಂಕೇತ ಹೇಗೆ ಬದಲಾಗುತ್ತದೆಂದು 1951ರಲ್ಲೇ ಪ್ರಕಟಿಸಿದ್ದರು. ಲಾಟರ್ಬರ್ 1973ರಲ್ಲಿ ಈ ಸಂಕೇತಗಳಿಂದ ಚಿತ್ರ ರಚಿಸುವ ದಾರಿ ತೋರಿದ್ದು ಆಮೇಲಿನ ಮಾತು.

ದುಡಿದ ಸ್ನಾಯುವಿನೊಳಕ್ಕೆ ನೀರು ಸರಿಯುವುದರಿಂದ ಟಿ-2 ಏರುತ್ತದೆ. ಯಾವ ಸ್ನಾಯು ದುಡಿಯಿತು, ಯಾವುದು ಸುಮ್ಮನಿತ್ತು ಎಂಬುದು ಚಿತ್ರದಲ್ಲೇ ತಿಳಿಯುತ್ತದೆ. ಬರಿಯ ದಣಿವಾದರೆ ಅದು ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ತಂತುಗಳಿಗೇ ಪೆಟ್ಟಾಗಿದ್ದರೆ ನೋವು ಹೋದ ಮೇಲೂ ವಾರಗಟ್ಟಲೆ ಏರಿಯೇ ಇರಬಹುದು.

ಡುಶೇನ್ ಸ್ನಾಯುಕ್ಷಯದಲ್ಲಿ ಈ ಅಳತೆಯ ಬೆಲೆ ಇನ್ನೂ ಹೆಚ್ಚು. ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುವ ಈ ವಂಶವಾಹಿ ರೋಗದಲ್ಲಿ ಮೀನಖಂಡ ದಪ್ಪಗಾಗುತ್ತದೆ. ಮಗು ಗಟ್ಟಿಮುಟ್ಟಾಗಿದೆಯೆಂದು ಮನೆಯವರು ಹಿಗ್ಗಬಹುದು. ಒಳಗೆ ಮಾತ್ರ ಸ್ನಾಯು ಸವೆದು ಆ ಜಾಗದಲ್ಲಿ ಕೊಬ್ಬು ತುಂಬುತ್ತಿರುತ್ತದೆ. ಕೊಬ್ಬು, ಬಾವು ಎರಡೂ ಟಿ-2 ಏರಿಸುವುದರಿಂದ ತಜ್ಞರು ಕೊಬ್ಬಿನ ಸಂಕೇತವನ್ನು ಬೇರ್ಪಡಿಸಿ ನೋಡುತ್ತಾರೆ. ಕ್ಷ-ಕಿರಣವಿಲ್ಲದ್ದರಿಂದ ಮತ್ತೆ ಮತ್ತೆ ಅಳೆದು, ಔಷಧ ನಾಟುತ್ತಿದೆಯೇ ಎಂದು ತಿಳಿಯಬಹುದು.

ರೋಗ ಇದೇ ಎಂದು ನಿರ್ಧರಿಸಲು ರಕ್ತ ಮತ್ತು ವಂಶವಾಹಿ ಪರೀಕ್ಷೆಗಳು ಬೇಕು. ಸ್ಟೀರಾಯ್ಡ್ ಔಷಧಗಳು ಕ್ಷಯದ ವೇಗವನ್ನು ತಗ್ಗಿಸಬಲ್ಲವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಕಾಯಿಲೆಗಳ ತಜ್ಞರಿದ್ದಾರೆ. ನಾಲ್ಕೈದು ವರ್ಷದ ಹುಡುಗ ಪದೇ ಪದೇ ಬೀಳುತ್ತಿದ್ದರೆ, ನೆಲದಿಂದೇಳುವಾಗ ತನ್ನ ತೊಡೆಗೇ ಕೈಯೂರಿ ಏಳುತ್ತಿದ್ದರೆ, ಸೋಮಾರಿಯೆಂದು ಗದರಬೇಡಿ, ವೈದ್ಯರಿಗೆ ತೋರಿಸಿ.